ಅಜ್ಜಿಮನೆ ಇದಲ್ಲ, ಪಕ್ಕದ್ದು

ಇಂಗ್ಲೆಂಡಿನ ವಿಲ್ಮ್‌ಕೋಟ್ ಎಂಬ ಹಳ್ಳಿಯಲ್ಲಿ ಒಂದು ಚೆಂದದ ಹಳೇ ಮನೆ ಇದೆ. ಕಪ್ಪು ತೊಲೆಗಳು, ಅವುಗಳ ನಡುವೆ ಗಾರೆ, ಕ್ಯಾಲೆಂಡರಿಗೆ ಹೇಳಿ ಮಾಡಿಸಿದ ಹಾಗಿದೆ. ಷೇಕ್ಸ್‌ಪಿಯರ್‌ನ ತಾಯಿ ಮೇರಿ ಆರ್ಡನ್‌ಳ ತವರು ಇದೇ ಅಂತ ಜನಕ್ಕೆ ತೋರಿಸುತ್ತಿದ್ದರು. ಅಂದರೆ ಮಹಾಕವಿಯ ಅಜ್ಜಿಮನೆ. ಷೇಕ್ಸ್‌ಪಿಯರ್ ಮನೆಗಳನ್ನು ನೋಡಿಕೊಳ್ಳುವ ಟ್ರಸ್ಟು 1930ರಲ್ಲಿ ಅದನ್ನು ಕೊಂಡಿತು. ಹತ್ತಿರ ಹತ್ತಿರ ಎಪ್ಪತ್ತು ವರ್ಷ ಲೋಕದ ಮೂಲೆಮೂಲೆಯಿಂದ ಜನ ಬಂದರು, ದುಡ್ಡು ಕೊಟ್ಟು ಒಳಗೆ ಹೋದರು, ತೊಲೆ ಸವರಿ ಪುನೀತರಾದರು.

2000ದಲ್ಲಿ ಹಳೇ ಜಮೀನು ಪತ್ರಗಳನ್ನು ಕೆದಕಿದಾಗ ವಿಷಯ ಹೊರಬಿತ್ತು. ಅಜ್ಜಿಮನೆ ಇದಲ್ಲ, ಪಕ್ಕದ್ದು! ಇದು ಪಾಮರ್ ಎಂಬ ನೆರೆಯವನದು.

ಬೇರೆಯವರಾಗಿದ್ದರೆ ತಲೆ ಎತ್ತಿ ಓಡಾಡುತ್ತಿರಲಿಲ್ಲ. ಆದರೆ ಟ್ರಸ್ಟಿನ ಪುಣ್ಯ ನೋಡಿ. ಪಕ್ಕದ ಮನೆಯನ್ನೂ ಅವರು 1968ರಲ್ಲೇ ಕೊಂಡಿಟ್ಟಿದ್ದರು. ಬೋರ್ಡು ಕಿತ್ತು ಆಚೆ ಮನೆಗೆ ಹಾಕಿದರು, ಅಜ್ಜಿಮನೆ ಸ್ಥಳಾಂತರವಾಯಿತು. ಎಪ್ಪತ್ತು ವರ್ಷ ಪಾಮರನ ತೊಲೆ ಸವರಿದವರ ಪುಣ್ಯ ಯಾರ ಖಾತೆಗೆ ಹೋಯಿತೋ!

ಈ ತಪ್ಪು ಮನೆಯನ್ನು ಮೊದಲು ತೋರಿಸಿದವನು ಹದಿನೆಂಟನೇ ಶತಮಾನದ ಕೊನೆಯಲ್ಲಿದ್ದ ಜಾನ್ ಜೋರ್ಡನ್. ಗಾಡಿ ಚಕ್ರ ಮಾಡುವ ಬಡಗಿ, ಬಿಡುವಿದ್ದಾಗ ಕವಿ, ಜನ ಬಂದರೆ ಗೈಡು. ನಾನು ಅವನನ್ನು ಬೈಯುವುದಿಲ್ಲ. ಅಷ್ಟು ದೂರದಿಂದ ಬಂದವರು ‘ತಾಯಿಯ ಮನೆ ಎಲ್ಲಿ?’ ಅಂತ ಕೇಳಿದರೆ ‘ಗೊತ್ತಿಲ್ಲ ಸ್ವಾಮಿ’ ಅನ್ನೋಕಾಗುತ್ತಾ? ‘ಗೊತ್ತಿಲ್ಲ’ ಅಂದವನಿಗೆ ಯಾರು ಕಾಸು ಕೊಡುತ್ತಾರೆ?

ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್ ಊರಿನ ತೊಂದರೆಯೇ ಇದು. ಸರಕು ಕಮ್ಮಿ, ಗಿರಾಕಿ ಜಾಸ್ತಿ. ಈ ಕುಟುಂಬದ ಬಗ್ಗೆ ಖಚಿತವಾಗಿ ಉಳಿದಿರುವುದು ಚರ್ಚಿನ ಪುಸ್ತಕದ ಕೆಲವು ಸಾಲು, ಕೋರ್ಟು ಕಾಗದ, ತೆರಿಗೆ ಬಾಕಿ, ಒಂದು ಉಯಿಲು. ಅಪ್ಪ ಜಾನ್ ಕೈಗವಸು ಹೊಲಿಯುವವನು. ಆ ಊರಿನ ದಾಖಲೆಯಲ್ಲಿ ಅವನ ಹೆಸರು ಮೊದಲು ಬರುವುದು 1552ರ ಏಪ್ರಿಲ್‌ನಲ್ಲಿ, ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕೆ ಒಂದು ಷಿಲಿಂಗ್ ದಂಡ ಕಟ್ಟಿದವನಾಗಿ. ಜೊತೆಗೆ ದಂಡ ಕಟ್ಟಿದವರಲ್ಲಿ ಏಡ್ರಿಯನ್ ಕ್ವೀನಿ ಅನ್ನುವವನೂ ಇದ್ದ. ಮುಂದೆ 1616ರಲ್ಲಿ ಜಾನ್‌ನ ಮೊಮ್ಮಗಳು ಜೂಡಿತ್ ಈ ಕ್ವೀನಿಯ ಮೊಮ್ಮಗನನ್ನೇ ಮದುವೆಯಾದಳು. ತಿಪ್ಪೆಯಲ್ಲಿ ಶುರುವಾದ ಪರಿಚಯ ಬೀಗತನಕ್ಕೆ ಬಂತು. ಇಷ್ಟು ಒಳ್ಳೇ ಕಥೆ ದಾಖಲೆ ಸಮೇತ ಕೈಯಲ್ಲಿದೆ. ಆದರೂ ಊರಿನವರು ಜಾಸ್ತಿ ಹೇಳುವುದಿಲ್ಲ. ತಿಪ್ಪೆಗೆ ಟಿಕೆಟ್ ಇಡೋಕೆ ಬರಲ್ವಲ್ಲ.

ಕವಿಯ ಹುಟ್ಟುಹಬ್ಬದ ಕಥೆಯೂ ಹೀಗೇ. ಚರ್ಚಿನ ಪುಸ್ತಕದಲ್ಲಿರುವುದು 1564ರ ಏಪ್ರಿಲ್ 26, ಬ್ಯಾಪ್ಟಿಸಂ ದಿನ. ಹುಟ್ಟಿದ ದಿನ ಯಾರೂ ಬರೆದಿಟ್ಟಿಲ್ಲ. ಸತ್ತದ್ದು ಮಾತ್ರ 1616ರ ಏಪ್ರಿಲ್ 23, ಇಂಗ್ಲೆಂಡಿನ ಕುಲದೇವರಂತಿರುವ ಸಂತ ಜಾರ್ಜನ ಹಬ್ಬದ ದಿನ. ಹುಟ್ಟಿದ್ದೂ ಅವತ್ತೇ ಅಂದುಬಿಟ್ಟರೆ ಎಷ್ಟು ಅನುಕೂಲ! ಹುಟ್ಟುಹಬ್ಬ, ಪುಣ್ಯತಿಥಿ, ನಾಡಹಬ್ಬ ಮೂರಕ್ಕೂ ಒಂದೇ ಪೆಂಡಾಲ್.

ಮದುವೆಯ ಕಾಗದ ಇನ್ನೂ ಮಜವಾಗಿದೆ. 1582ರ ನವೆಂಬರ್ 27ರ ನಮೂದಿನಲ್ಲಿ ಹುಡುಗಿಯ ಹೆಸರು ಆನ್ ವ್ಹೇಟ್ಲಿ. ಮರುದಿನದ ಜಾಮೀನು ಪತ್ರದಲ್ಲಿ ಆನ್ ಹ್ಯಾಥ್‌ವೇ. ಗುಮಾಸ್ತ ಒಂದು ಹೆಸರು ತಪ್ಪು ಬರೆದ, ಅಷ್ಟೇ ಇರಬೇಕು. ರೇಷನ್ ಕಾರ್ಡು ಮಾಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಪಂಡಿತರು ಬಿಡಬೇಕಲ್ಲ! ವ್ಹೇಟ್ಲಿಯನ್ನು ಕೈಬಿಟ್ಟ ಪ್ರೇಯಸಿ ಮಾಡಿ ಕಣ್ಣೀರು ಹಾಕಿದರು. ಆ ಜಾಮೀನು ಪತ್ರದಲ್ಲಿ ಮದುಮಗನ ಹೆಸರು ‘ಷ್ಯಾಗ್‌ಸ್ಪಿಯರ್’ ಅಂತಿದೆ. ಅವನ ಕೈಯ ಸಹಿ ಉಳಿದಿರುವುದು ಆರು. ನಾವೀಗ ಬರೆಯುವ ಸ್ಪೆಲಿಂಗ್ ಒಂದರಲ್ಲೂ ಇಲ್ಲ. ಪರೀಕ್ಷೆಯಲ್ಲಿ ಈ ಸ್ಪೆಲಿಂಗ್ ತಪ್ಪಿ ಅಂಕ ಕಳಕೊಂಡ ನಮ್ಮ ಮಕ್ಕಳು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು.

ಉಯಿಲಿನಲ್ಲಿ ಹೆಂಡತಿಗೆ ಅಂತ ಹೆಸರಿಸಿ ಬಿಟ್ಟದ್ದು ‘ಎರಡನೇ ಉತ್ತಮ ಮಂಚ’. ಆ ಒಂದು ಸಾಲಿನ ಮೇಲೆ ಆಗಿರುವ ಸಂಶೋಧನೆಯನ್ನು ಗುಡ್ಡೆ ಹಾಕಿದರೆ ಮೊದಲನೇ ಉತ್ತಮ ಮಂಚಕ್ಕೆ ಹಾಸಿಗೆಯಾಗುತ್ತದೆ.

ಇನ್ನು ಕುರ್ಚಿ. ಅವನು ಕೂತ ಕುರ್ಚಿ ಅಂತ ಹುಟ್ಟಿದ ಮನೆಯ ಒಲೆಯ ಪಕ್ಕ ಒಂದಿತ್ತು. 1786ರಲ್ಲಿ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ನೋಡಲು ಬಂದರು. ಇಬ್ಬರೂ ಮುಂದೆ ಅಮೆರಿಕದ ಅಧ್ಯಕ್ಷರಾದವರು. ಅಂಥ ದೊಡ್ಡ ಮನುಷ್ಯರು ಕುರ್ಚಿಯಿಂದ ಒಂದು ಚಕ್ಕೆ ಕೆತ್ತಿಕೊಂಡು ಹೋದರು. ‘ಇಲ್ಲಿಯ ಪದ್ಧತಿಯಂತೆ’ ಅಂತ ಆಡಮ್ಸ್ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಪದ್ಧತಿ ಅಂದಮೇಲೆ ತಪ್ಪೇನು, ಅಲ್ವಾ? ಆಮೇಲೆ ಬಂದ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಕುರ್ಚಿಯ ಪೂರ್ತಿ ಕಥೆ ಹೇಳುತ್ತಾರೆ. ಕೂತು ಕೂತು ಅದರ ತಳ ಸವೆದು ಮೂರು ವರ್ಷಕ್ಕೊಮ್ಮೆ ಹೊಸದು ಹಾಕಿಸಬೇಕಿತ್ತು. ಅದಕ್ಕೂ ಮುಂಚೆಯೇ ಯಾವುದೋ ದೇಶದ ರಾಜಕುಮಾರಿಗೆ ಕುರ್ಚಿಯನ್ನು ಮಾರಿಯೂ ಆಗಿತ್ತು. ಆದರೂ ಅದು ಹೇಗೋ ಒಲೆಯ ಮೂಲೆಗೆ ವಾಪಸ್ ಬಂದು ಕೂತಿತ್ತಂತೆ! ಮಾರಿದ ಎಮ್ಮೆ ಹಗ್ಗ ಹರಿದುಕೊಂಡು ಹಳೇ ಕೊಟ್ಟಿಗೆಗೆ ಬರುವುದು ಗೊತ್ತು. ಕುರ್ಚಿಗೂ ಆ ಬುದ್ಧಿ ಇದೆ ಅಂತ ಗೊತ್ತಿರಲಿಲ್ಲ.

ಹಿಪ್ಪುನೇರಳೆ ಮರದ ಕಥೆ ಇದಕ್ಕೂ ಮೇಲು. ಕವಿ ನೆಟ್ಟದ್ದೆಂದು ಹೇಳುತ್ತಿದ್ದ ಮರ ಅವನ ಕೊನೆಗಾಲದ ಮನೆ ನ್ಯೂ ಪ್ಲೇಸ್‌ನ ಹಿತ್ತಲಲ್ಲಿತ್ತು. 1750ರ ದಶಕದಲ್ಲಿ ಆ ಮನೆ ಪಾದ್ರಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್ ಕೈಗೆ ಬಂತು. ಬೆಳಗಾದರೆ ಬಾಗಿಲು ತಟ್ಟಿ ‘ಮರ ತೋರಿಸಿ’ ಅನ್ನುವವರ ಕಾಟ. ಪಾದ್ರಿಗೆ ರೇಗಿತು, ಮರ ಕಡಿಸಿ ಸೌದೆ ಮಾಡಿಸಿದ. ಊರಿನವರು ಕಿಟಕಿ ಗಾಜು ಒಡೆದರು. ಆಮೇಲೆ ತೆರಿಗೆ ಜಗಳ. 1759ರಲ್ಲಿ ಪಾದ್ರಿ ಮನೆಯನ್ನೇ ಕೆಡವಿ ಊರು ಬಿಟ್ಟ. ಈ ಇಡೀ ಕಥೆಯಲ್ಲಿ ನನಗೆ ಇಷ್ಟವಾದ ಒಬ್ಬನೇ ಮನುಷ್ಯ ಈ ಸಿಡುಕ ಪಾದ್ರಿ. ಟಿಕೆಟ್ ಮಾಡುವ ಐಡಿಯಾ ಹೊಳೆಯದ ಒಬ್ಬನೇ ಆಸಾಮಿ.

ಆದರೆ ಸೌದೆಯನ್ನು ಥಾಮಸ್ ಶಾರ್ಪ್ ಎಂಬ ಗಡಿಯಾರದವನು ಕೊಂಡ. ಡಬ್ಬಿ, ಲೋಟ, ಆಟಿಕೆ, ಸಾಮಾನು ಮಾಡಿ ಮಾರಿದ. ದಶಕಗಳು ಕಳೆದರೂ ಮರ ಮುಗಿಯಲೇ ಇಲ್ಲ, ಅಕ್ಷಯ ಪಾತ್ರೆ. ಜನ ಅನುಮಾನಪಟ್ಟರು. 1799ರಲ್ಲಿ ಸಾಯುವ ಮುನ್ನ ಅವನು ಪ್ರಮಾಣ ಮಾಡಿ ಬರೆದುಕೊಟ್ಟ: ತಾನು ಮಾರಿದ್ದೆಲ್ಲ ಆ ಒಂದೇ ಮರದ್ದು. ಒಂದು ಹಿಪ್ಪುನೇರಳೆಯಲ್ಲಿ ಎಷ್ಟು ಸೌದೆ ಸಿಗುತ್ತದೆ ಅಂತ ನಮ್ಮ ರಾಮನಗರದ ರೇಷ್ಮೆ ಬೆಳೆಗಾರರನ್ನು ಕರೆಸಿ ಸಾಕ್ಷಿ ಹೇಳಿಸಬೇಕಿತ್ತು.

ಕವಿಯ ಇನ್ನೂರನೇ ಹುಟ್ಟುಹಬ್ಬ ಬಂದದ್ದು 1764ಕ್ಕೆ. ಊರು ಸಂಭ್ರಮ ಮಾಡಿದ್ದು 1769ರಲ್ಲಿ, ಅದೂ ಸೆಪ್ಟೆಂಬರ್‌ನಲ್ಲಿ. ನಟ ಡೇವಿಡ್ ಗ್ಯಾರಿಕ್ ಮೂರು ದಿನದ ಜಾತ್ರೆ ನಡೆಸಿದ. ಫಿರಂಗಿ, ಹಾಡು, ಊಟ, ಕುದುರೆ ಓಟ ಎಲ್ಲ ಇತ್ತು. ಮಳೆ ಹಿಡಿದು ಏವನ್ ನದಿ ಉಕ್ಕಿತು, ಮೆರವಣಿಗೆ ರದ್ದಾಯಿತು. ಷೇಕ್ಸ್‌ಪಿಯರ್‌ನ ನಾಟಕ ಯಾವುದು ಆಡಿದರು ಅಂತ ಕೇಳುತ್ತೀರಾ? ಒಂದೂ ಇಲ್ಲ.

ಇನ್ನೊಂದು ಗುಂಪಿನವರಿಗೆ ಈ ಊರೇ ಬೇಡ. ಕೈಗವಸಿನವನ ಮಗ ಇಷ್ಟು ಬರೆದಾನೆಯೇ, ಯಾರೋ ದೊರೆ ಬರೆದಿರಬೇಕು ಅನ್ನುತ್ತಾರೆ. ಅವರ ಮೆಚ್ಚಿನ ಆಕ್ಸ್‌ಫರ್ಡ್ ಪ್ರಭು 1604ರಲ್ಲೇ ಸತ್ತ. ನಾಟಕಗಳು ಅದಾದ ಮೇಲೂ ಬರುತ್ತಲೇ ಇದ್ದವು. ಅದಕ್ಕಿಂತ ಅವನು ನಮ್ಮ ಶೇಷಪ್ಪ ಅಯ್ಯರ್ ಅನ್ನುವ ಹಳೇ ಜೋಕೇ ವಾಸಿ. ಶೇಷಪ್ಪನಿಗೆ ಸತ್ತ ತಾರೀಖಾದರೂ ಇಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ಮನೆಯವರ ಗತಿ? ಒಬ್ಬನೇ ಮಗ ಹ್ಯಾಮ್ನೆಟ್ ಹನ್ನೊಂದು ವರ್ಷಕ್ಕೆ ಹೋದ. 1596ರ ಆಗಸ್ಟ್ 11ರಂದು ಮಣ್ಣಾಯಿತು. ಚರ್ಚಿನ ಪುಸ್ತಕದಲ್ಲಿ ಒಂದು ಸಾಲು. ಅವನ ಅವಳಿ ಜೂಡಿತ್ ಪತ್ರಕ್ಕೆ ಸಹಿಯ ಬದಲು ಗುರುತು ಹಾಕುತ್ತಿದ್ದಳು. ಅವಳ ಮೂರು ಗಂಡುಮಕ್ಕಳೂ ಅವಳ ಕಣ್ಣೆದುರೇ ಹೋದರು. ಕವಿಯ ಕೊನೆಯ ಮೊಮ್ಮಗಳು ಎಲಿಜಬೆತ್ 1670ರಲ್ಲಿ ತೀರಿಕೊಂಡಳು. ಅಲ್ಲಿಗೆ ವಂಶ ಮುಗಿಯಿತು. ಮರ ಮಾತ್ರ ಮುಗಿದಿರಲಿಲ್ಲ.

ಅವನು ಬದುಕಿದ್ದಾಗ ಊರಿನವರು ಹೇಗೆ ನೋಡಿಕೊಂಡರು ಅನ್ನುವುದಕ್ಕೂ ದಾಖಲೆ ಇದೆ. 1602ರಲ್ಲಿ ಸ್ಟ್ರಾಟ್‌ಫರ್ಡ್ ಪುರಸಭೆ ತನ್ನ ಸಭಾಂಗಣದಲ್ಲಿ ನಾಟಕ ಆಡಬಾರದೆಂದು ಠರಾವು ಮಾಡಿತು. ಅನುಮತಿ ಕೊಟ್ಟ ಸದಸ್ಯನಿಗೆ ಹತ್ತು ಷಿಲಿಂಗ್ ದಂಡ. 1612ರಲ್ಲಿ ದಂಡವನ್ನು ಹತ್ತು ಪೌಂಡಿಗೆ ಏರಿಸಿದರು. 1622ರಲ್ಲಿ ಕಿಂಗ್ಸ್ ಮೆನ್ ತಂಡ ಊರಿಗೆ ಬಂತು. ಷೇಕ್ಸ್‌ಪಿಯರ್ ಬರೆದದ್ದು, ಪಾಲುದಾರನಾಗಿದ್ದದ್ದು ಇದೇ ತಂಡದಲ್ಲಿ. ಅವನ ಸಮಾಧಿ ಅಲ್ಲೇ ಚರ್ಚಿನಲ್ಲಿತ್ತು. ಹೆಂಡತಿ ಆನ್ ಇನ್ನೂ ಬದುಕಿದ್ದಳು. ಪುರಸಭೆಯ ಆ ವರ್ಷದ ಖರ್ಚಿನ ಲೆಕ್ಕದಲ್ಲಿ ಒಂದು ನಮೂದಿದೆ: ರಾಜನ ನಾಟಕದವರಿಗೆ, ಸಭಾಂಗಣದಲ್ಲಿ ಆಡದೆ ಇದ್ದುದಕ್ಕಾಗಿ, ಆರು ಷಿಲಿಂಗ್.