ಸತ್ಯಾಂಶ: ಹಿಂದಿಗೆ ಡಬ್ ಆದ ವಿದೇಶಿ ಸಿನಿಮಾ ಹಂಚಬಹುದೇ?

‘ವಿದೇಶಿ ಆ್ಯಕ್ಷನ್ ಸಿನಿಮಾಗಳಿಗೆ ಭಾರತದಲ್ಲಿ ಹಕ್ಕುಸ್ವಾಮ್ಯ ಇಲ್ಲ, ಹಿಂದಿ ಡಬ್ ಯಾರು ಬೇಕಾದರೂ ಹಂಚಬಹುದು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು. ಬರ್ನ್ ಒಪ್ಪಂದಕ್ಕೆ (ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಸೇರಿದ ದೇಶಗಳ ಸಿನಿಮಾಗಳಿಗೂ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ. ಗೊತ್ತಿದ್ದೂ ಹಂಚಿದರೆ ಸೆಕ್ಷನ್ 63ರಡಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಅಲ್ಲವಾದರೆ ಕೋರ್ಟು ಶಿಕ್ಷೆ ಇಳಿಸಬಹುದು, ಅಷ್ಟೆ.

‘ಸಿನಿಮಾ ಕಂಪನಿಯೇ ಬಿಟ್ಟ ಫೈಲು’ ಎಂಬುದನ್ನೂ ನಂಬಬೇಡಿ. ಇಂಥ ಅನೇಕ ಫೈಲುಗಳಲ್ಲಿ ಚಿತ್ರ ಒಂದು ಕಡೆಯದು, ಧ್ವನಿ ಇನ್ನೊಂದು ಕಡೆಯದು. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಓಡುವ ಟಿವಿ ಪ್ರತಿಯ ಹಿಂದಿ ಧ್ವನಿಯನ್ನು 24 ಫ್ರೇಮಿನ ಚಿತ್ರಕ್ಕೆ ಹಾಗೇ ಅಂಟಿಸಿದರೆ, ಎರಡು ಗಂಟೆಯಲ್ಲಿ ಸುಮಾರು 5 ನಿಮಿಷದ ವ್ಯತ್ಯಾಸ: ಗುಂಡು ಹಾರುವ ಮೊದಲೇ ಸದ್ದು! ಟಿವಿಯಲ್ಲಿ ಕತ್ತರಿಸಿದ್ದ ದೃಶ್ಯ ಬಂದರೆ ಹಿಂದಿ ಮಾಯ. ನಡುನಡುವೆ ಬೆಟ್ಟಿಂಗ್ ಜಾಹೀರಾತು ಕಂಡರೆ, ಹಂಚುವವರ ಗಳಿಕೆ ಅದೇ.