ಗೀಸರಿನ ತವರು

ಸ್ನಾನದ ಮನೆಯ ಗೋಡೆಗೆ ಒರಗಿಕೊಂಡು, ಕೆಂಪು ದೀಪ ಹೊತ್ತಿಸಿಕೊಂಡು ಗುಂಯ್‌ಗುಡುವ ಗೀಸರಿಗೂ ಒಂದು ತವರಿದೆ. ಅದು ಐಸ್‌ಲ್ಯಾಂಡಿನ ಹೊಯ್ಕದಾಲುರ್ ಕಣಿವೆ. ಅಲ್ಲಿ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆಯೊಂದಿದೆ. ಉಕ್ಕಿ ಚಿಮ್ಮುವುದರಿಂದ ಅದಕ್ಕೆ ಆ ಹೆಸರು. ಇಂಗ್ಲಿಷಿನವರು ಆ ಒಂದು ಬುಗ್ಗೆಯ ಹೆಸರನ್ನು ಎತ್ತಿಕೊಂಡು ಲೋಕದ ಚಿಮ್ಮುಬುಗ್ಗೆಗಳಿಗೆಲ್ಲ ಹಂಚಿದರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ಎಂಬಾತ ಗ್ಯಾಸಿನ ಉರಿಯಿಂದ ನೀರು ಕಾಯಿಸುವ ಯಂತ್ರವೊಂದನ್ನು ಮಾಡಿ, ಅದಕ್ಕೂ ಅದೇ ಹೆಸರಿಟ್ಟ. ಹೀಗೆ ಇಂಗ್ಲಿಷಿನ ಬೆನ್ನೇರಿ ಹೆಸರು ನಮ್ಮ ಬಚ್ಚಲಿಗೂ ಬಂತು. ನಮ್ಮ ಗೀಸರು ಹೆಸರಿಗೆ ತಕ್ಕಂತೆ ಚಿಮ್ಮತೊಡಗಿದರೆ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕಾಗುತ್ತದೆ, ಆ ಮಾತು ಬೇರೆ.

ತಮಾಷೆಯೆಂದರೆ ತವರಿನ ಬಹುತೇಕ ಮನೆಗಳಲ್ಲಿ ಗೀಸರೇ ಇಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಅದೂ ಕೈ ಸುಡುವಷ್ಟು. ಕೊಂಚ ಗಂಧಕದ ವಾಸನೆಯೂ ಜೊತೆಗಿರುತ್ತದೆ. ಹೊಸದಾಗಿ ಹೋದವರು ಮೂಗು ಮುಚ್ಚಿಕೊಳ್ಳುತ್ತಾರೆ, ಅಲ್ಲಿಯವರಿಗೆ ಅದರ ಪರಿವೆಯೇ ಇಲ್ಲ. ‘ತಡೆ, ಇನ್ನೂ ನೀರು ಕಾದಿಲ್ಲ’ ಎಂಬ ಮಾತನ್ನು ಕೇಳದೆಯೇ ಅಲ್ಲಿನ ಮಕ್ಕಳು ಬೆಳೆಯುತ್ತಾರೆ.

ಮೂಲ ಗೇಸಿರಿನ ಕಥೆ ಮಾತ್ರ ಅಷ್ಟು ವೈಭವದ್ದಲ್ಲ. ಭೂಮಿಯೊಳಗಿನ ಉದ್ದನೆಯ ಕೊಳವೆಯಂಥ ಬಿಲದಲ್ಲಿ ನೀರು ನಿಂತಿರುತ್ತದೆ. ಮೇಲಿನ ನೀರಿನ ಭಾರ ಅದುಮುವುದರಿಂದ ತಳದ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮೇಲಿನದು ಸ್ವಲ್ಪ ಚೆಲ್ಲಿ ಭಾರ ಇಳಿಯಿತೋ, ಕೆಳಗಿನದು ಒಮ್ಮೆಲೇ ಆವಿಯಾಗಿ ಮಿಕ್ಕಿದ್ದನ್ನೆಲ್ಲ ಆಕಾಶಕ್ಕೆ ಎಸೆಯುತ್ತದೆ. 1894ರಲ್ಲಿ ಈ ಜಾಗವನ್ನು ಜೇಮ್ಸ್ ಕ್ರೇಗ್ ಕೊಂಡುಕೊಂಡ. ಮುಂದೆ ಉತ್ತರ ಐರ್ಲೆಂಡಿನ ಮೊದಲ ಪ್ರಧಾನಿಯಾದವನು ಇವನೇ. ನೋಡಬಂದವರಿಂದ ಶುಲ್ಕವನ್ನೂ ಎತ್ತಿದ. ಆದರೆ ಬುಗ್ಗೆಗೆ ಟಿಕೆಟಿನ ಹಂಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಮಂಕಾಯಿತು. 1935ರಲ್ಲಿ ಅಂಚನ್ನು ಕೊರೆದು ನೀರಿನ ಮಟ್ಟ ಇಳಿಸಿ ಎಬ್ಬಿಸಿದರು. ಮತ್ತೆ ಮಲಗಿದಾಗ ಸಾಬೂನು ಸುರಿದು ಕೆರಳಿಸಿದರು. ಬುಗ್ಗೆಗೆ ಸಾಬೂನು ಹಾಕಿ ಎಬ್ಬಿಸುವುದು ನನಗೇಕೋ ಮರ್ಯಾದೆಯ ಕೆಲಸವೆನಿಸುವುದಿಲ್ಲ. ಈಗ ಪ್ರವಾಸಿಗರ ಮಾನ ಉಳಿಸುತ್ತಿರುವುದು ಪಕ್ಕದ ಸ್ಟ್ರೋಕ್ಕುರ್ ಎಂಬ ಬುಗ್ಗೆ. ಅದು ಕೆಲವೇ ನಿಮಿಷಗಳಿಗೊಮ್ಮೆ ತಪ್ಪದೆ ಚಿಮ್ಮುತ್ತದೆ. ದೊಡ್ಡಣ್ಣ ಹೆಸರು ಮಾಡಿ ಮಲಗಿದ್ದಾನೆ, ದುಡಿಮೆಯೆಲ್ಲ ತಮ್ಮನದು.

ಇಷ್ಟೆಲ್ಲ ಕುದಿನೀರಿದ್ದ ನಾಡಿನಲ್ಲಿ ಜನ ಶತಮಾನಗಳ ಕಾಲ ಚಳಿಯಲ್ಲಿ ನಡುಗಿದರು ಎಂಬುದು ಬೆರಗಿನ ಸಂಗತಿ. ಹದಿಮೂರನೆಯ ಶತಮಾನದ ಸ್ನೋರಿ ಸ್ಟುರ್ಲುಸನ್ ಎಂಬ ಪಂಡಿತ ರೇಕ್‌ಹೋಲ್ಟಿನಲ್ಲಿ ಬುಗ್ಗೆಯ ನೀರಿನ ಕೊಳವಿಟ್ಟುಕೊಂಡಿದ್ದ. ಅದು ಸಿರಿವಂತ ಮುಖಂಡನ ಸುಖ. ಸಾಮಾನ್ಯರ ಪಾಲಿನ ಬಿಸಿನೀರೆಂದರೆ ಬಟ್ಟೆ ಒಗೆಯುವ ನೀರು. ರಾಜಧಾನಿ ರೇಕ್ಯಾವಿಕ್‌ನ ಹೆಂಗಸರು ಒಗೆಯುವ ಬಟ್ಟೆಯನ್ನು ಹೊತ್ತು ಮೂರು ಕಿಲೋಮೀಟರ್ ದೂರದ ಬುಗ್ಗೆಗಳಿಗೆ ನಡೆಯುತ್ತಿದ್ದರು, ನೀರು ಹೀರಿ ತೂಕ ಹೆಚ್ಚಿಸಿಕೊಂಡ ಬಟ್ಟೆಯನ್ನು ಮತ್ತೆ ಹೊತ್ತು ತರುತ್ತಿದ್ದರು. ಕಾಲು ಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಇದ್ದರು. ಅದಕ್ಕೆಂದೇ ಕೊನೆಗೆ ಬುಗ್ಗೆಗಳ ಮೇಲೆ ಕಬ್ಬಿಣದ ಕಮಾನುಗಳನ್ನು ನಿಲ್ಲಿಸಬೇಕಾಯಿತು. ಊರಿನ ಒಲೆಗಳಲ್ಲಿ ಮಾತ್ರ ಉರಿಯುತ್ತಿದ್ದುದು ಹಡಗಿನಲ್ಲಿ ಬಂದ ಕಲ್ಲಿದ್ದಲು. ಆ ಹೊಗೆ ಊರಿನ ಮೇಲೆ ಕವಿದಿರುತ್ತಿತ್ತು.

ಅಂದರೆ ಕೊರತೆಯಿದ್ದುದು ಬಿಸಿನೀರಿಗಲ್ಲ, ಕೊಳವೆಗೆ. ಪ್ರವಾಸಿಗರು ಬುಗ್ಗೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ನಮಸ್ಕಾರ ಕೊಳವೆಗೆ. 1930ರಲ್ಲಿ ಆ ಒಗೆಯುವ ಬುಗ್ಗೆಗಳ ಬಳಿಯಿಂದಲೇ ಸುಮಾರು ಮೂರು ಕಿಲೋಮೀಟರ್ ಕೊಳವೆ ಎಳೆದು ಒಂದು ಶಾಲೆಗೆ, ಬಳಿಕ ಆಸ್ಪತ್ರೆಗೆ, ಈಜುಕೊಳಕ್ಕೆ, ಕೆಲವು ಮನೆಗಳಿಗೆ ಬಿಸಿನೀರು ಕೊಟ್ಟರು. ಹೆಂಗಸರು ಹೊತ್ತು ನಡೆದ ದೂರವೂ ಹೆಚ್ಚುಕಡಿಮೆ ಅಷ್ಟೇ. ಇನ್ನೂ ದೂರದ ರೇಕಿರ್‌ನಿಂದ ನೀರು ತರುವ ಯೋಜನೆಗೆ ಮಹಾಯುದ್ಧ ಅಡ್ಡ ಬಂದು, ಅದು 1943ರ ಕೊನೆಗೆ ಊರು ಮುಟ್ಟಿತು. 1973ರಲ್ಲಿ ಎಣ್ಣೆಯ ಬೆಲೆ ನೆತ್ತಿಗೇರಿದ ಮೇಲೆ ಉಳಿದ ಊರುಗಳೂ ನೆಲ ಕೊರೆಯತೊಡಗಿದವು. ಈಗ ಹತ್ತರಲ್ಲಿ ಒಂಬತ್ತು ಮನೆಗಳು ಭೂಮಿಯ ಶಾಖದಲ್ಲೇ ಬೆಚ್ಚಗಿವೆ. ನೆಸ್ಯಾವೆಟ್ಲಿರ್ ಎಂಬಲ್ಲಿನ ಭೂಶಾಖದ ಸ್ಥಾವರದಿಂದ ರಾಜಧಾನಿಯ ಕಡೆಗೆ ಬರುವ ಬಿಸಿನೀರು 27 ಕಿಲೋಮೀಟರ್ ಹಾದಿಯಲ್ಲಿ ಕಳೆದುಕೊಳ್ಳುವುದು ಸುಮಾರು ಎರಡೇ ಡಿಗ್ರಿ. ನಮ್ಮಲ್ಲಿ ಅಡುಗೆಮನೆಯಿಂದ ಜಗುಲಿಗೆ ಬರುವಷ್ಟರಲ್ಲಿ ಕಾಫಿ ಅದಕ್ಕಿಂತ ಹೆಚ್ಚು ಆರುತ್ತದೆ.

ಮನೆ ಕಾಯಿಸಿ ಹೊರಬಿದ್ದ ಉಗುರುಬೆಚ್ಚಗಿನ ನೀರನ್ನೂ ಅವರು ಬಿಡುವುದಿಲ್ಲ. ಪಾದಚಾರಿ ಹಾದಿಗಳ ಅಡಿಯಲ್ಲಿ ಹರಿಸಿ ಹಿಮ ಕರಗಿಸುತ್ತಾರೆ. ಬಿಸಿ ನೆಲದಲ್ಲಿ ಹಿಟ್ಟಿನ ಪಾತ್ರೆ ಹೂತಿಟ್ಟು ಮರುದಿನ ರೊಟ್ಟಿ ತೆಗೆಯುತ್ತಾರೆ. ಮಿಕ್ಕ ಹೊತ್ತಿನಲ್ಲಿ ಸಾರ್ವಜನಿಕ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ, ತಲೆಯ ಮೇಲೆ ಹಿಮ ಬೀಳುತ್ತಿದ್ದರೂ ಲೋಕಾಭಿರಾಮ ಹರಟುತ್ತಾರೆ. ಒಳಗಿಳಿಯುವ ಮುನ್ನ ಬಟ್ಟೆಯನ್ನೆಲ್ಲ ಕಳಚಿ ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ದೇಹದ ಯಾವ ಯಾವ ಭಾಗ ಎಂಬುದನ್ನು ಚಿತ್ರ ಸಹಿತ ಗೋಡೆಗೆ ಹಾಕಿರುತ್ತಾರೆ. ನಮ್ಮಂಥ ಸಂಕೋಚದವರಿಗೆ ಜ್ವಾಲಾಮುಖಿಗಿಂತ ಆ ಫಲಕವೇ ಹೆಚ್ಚು ಭಯಂಕರ.

ಜ್ವಾಲಾಮುಖಿಯೂ ಸುಮ್ಮನಿಲ್ಲ. 2024ರ ಫೆಬ್ರವರಿ 8ರಂದು ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ಉಕ್ಕಿದ ಲಾವಾ, ಸ್ವಾರ್ಟ್ಸೆಂಗಿ ಸ್ಥಾವರದ ಬಿಸಿನೀರಿನ ಕೊಳವೆಯ ಮೇಲೆಯೇ ಹರಿಯಿತು. ಕೊರೆಯುವ ಚಳಿಯಲ್ಲಿ 20,000ಕ್ಕೂ ಹೆಚ್ಚು ಜನರ ನಲ್ಲಿಗಳು ತಣ್ಣಗಾದವು. ನೀರನ್ನು ಕಾಯಿಸಿಕೊಡುವ ನೆಲದಡಿಯ ಬೆಂಕಿಯೇ ಮೇಲೆದ್ದು ಬಂದು ಕೊಳವೆಯನ್ನು ನುಂಗಿತ್ತು. ಶಾಲೆಗಳೂ ಈಜುಕೊಳಗಳೂ ಮುಚ್ಚಿದವು. ಜನ ವಿದ್ಯುತ್ ಹೀಟರುಗಳಿಗಾಗಿ ಅಂಗಡಿಗಳಿಗೆ ಓಡಿದರು. ಎಲ್ಲರೂ ಒಟ್ಟಿಗೆ ಉರಿಸಿದರೆ ತಂತಿಗಳು ತಾಳಲಾರವು, ಮಿತವಾಗಿ ಬಳಸಿ ಎಂದು ಅಧಿಕಾರಿಗಳು ಕೇಳಿಕೊಂಡರು. ಕೆಲವು ದಿನಗಳಲ್ಲಿ ಹೊಸ ಕೊಳವೆ ಜೋಡಿಸಿ ನೀರು ಬಿಟ್ಟರು.