ಕೆಲಸ ಉಂಟು, ಸಂಬಳದ್ದು ಆಮೇಲೆ ನೋಡುವ

ನಮ್ಮ ಕ್ಯಾಂಪಸ್ಸಿನಲ್ಲಿ ಕೆಲಸಕ್ಕೆ ಬರ ಇರಲಿಲ್ಲ. ಕನ್ನಡ, ಮಲಯಾಳ ಎರಡೂ ಓದಲು ಬರೆಯಲು ಬರುತ್ತದೆ ಎಂದು ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು. ಕ್ಯಾಂಟೀನಿನ ಚೇಟನಿಗೆ ಅವರ ಅಜ್ಜನ ಕಾಲದ ಜಾಗದ ಪತ್ರ ಓದಿ ಹೇಳಬೇಕು. 1956ರಲ್ಲಿ ಕೇರಳಕ್ಕೆ ಸೇರುವ ತನಕ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ, ಹಳೆಯ ಪತ್ರಗಳೆಲ್ಲ ಕನ್ನಡದಲ್ಲಿ. ಅದೂ ಕೈ ಎತ್ತದೆ ಕೂಡಿಸಿ ಗೀಚಿದ ಮೋಡಿ ಅಕ್ಷರ. ಬರೆದ ಶ್ಯಾನುಭಾಗರೇ ಎದ್ದು ಬಂದರೂ ಎರಡನೇ ಸಲ ಓದಲಿಕ್ಕಿಲ್ಲ. ಆಫೀಸಿನ ಚೇಚಿಗೆ ನೆರೆಮನೆಯವರ ಅರ್ಜಿ ಬರೆದುಕೊಡಬೇಕು. ಹಾಸ್ಟೆಲಿನ ವಾರ್ಡನ್ನಿಗೆ ಮಂಗಳೂರಿನ ಡಾಕ್ಟರ ಚೀಟಿಯ ಹಿಂದೆ ಬರೆದ ಪಥ್ಯ ಓದಬೇಕು. ಎಲ್ಲರೂ ಕೊನೆಗೆ ಒಂದು ಚಾಯ ಕುಡಿಸುತ್ತಿದ್ದರು. ಎಂ.ಎ. ಮೊದಲ ವರ್ಷದಲ್ಲಿ ನಾನು ಕುಡಿದಷ್ಟು ಚಾಯ ಯಾವ ಪಿಎಚ್‌ಡಿಯವರೂ ಕುಡಿದಿರಲಿಕ್ಕಿಲ್ಲ.

ನನಗೆ ಬೇಕಾದ್ದು ಸಂಬಳ ಇರುವ ಕೆಲಸ. ದೊಡ್ಡ ಆಸೆ ಏನಲ್ಲ. ಫೋಟೋಸ್ಟಾಟಿನ ಖರ್ಚು, ಮೊಬೈಲ್ ರೀಚಾರ್ಜು, ತಿಂಗಳಿಗೊಮ್ಮೆ ಪೇಟೆಯಲ್ಲಿ ಒಂದು ಗಡ್‌ಬಡ್ ಐಸ್‌ಕ್ರೀಮು. ಇಷ್ಟಕ್ಕೂ ಅಪ್ಪನ ಮುಖ ನೋಡುವುದು ಬೇಡ ಅನ್ನಿಸಿತ್ತು. ಅಪ್ಪನದ್ದು ಒಂದೇ ರಾಗ. "ಪಿ.ಎಸ್.ಸಿ.ಗೆ ಓದು. ಕನ್ನಡ ಮಲಯಾಳ ಬಲ್ಲವರಿಗೆ ಅಂತಲೇ ಕ್ಲರ್ಕು ಪೋಸ್ಟು ಉಂಟು." ಅಮ್ಮನದ್ದು ಇನ್ನೊಂದು. "ಇಲ್ಲಿ ಅಡಿಕೆ ಸುಲಿಯಲು ಜನ ಸಿಗುವುದಿಲ್ಲ. ಇವಳು ಊರಿಡೀ ಕೆಲಸ ಹುಡುಕಿಕೊಂಡು ಹೋಗುತ್ತಾಳೆ. ಕಿಲೋ ಲೆಕ್ಕದಲ್ಲಿ ನಾನೇ ಕೊಡುತ್ತೇನೆ, ಬಾ."

ಮೊದಲು ಕಣ್ಣು ಬಿದ್ದದ್ದು ಲೈಬ್ರರಿಯ ಮೇಲೆ. ಅಲ್ಲಿ ಫ್ಯಾನು ಉಂಟು, ಗಲಾಟೆ ಇಲ್ಲ, ಪುಸ್ತಕ ಜೋಡಿಸುವುದು ಎಂತ ಮಹಾ ಕಷ್ಟ? ವಿದ್ಯಾರ್ಥಿಗಳನ್ನು ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳುವ ನೋಟೀಸು ಗಾಜಿನ ಬೋರ್ಡಿನೊಳಗೆ ಇತ್ತಂತೆ. ಅದರ ಮೇಲೆ ಕಳೆದ ವರ್ಷದ ಹಾಸ್ಟೆಲ್ ಫೀಸಿನ ನೋಟೀಸು. ಬೋರ್ಡಿನ ಬೀಗದ ಕೈ ಎಷ್ಟೋ ಸಮಯದಿಂದ ಕಾಣೆಯಾಗಿದೆ ಎಂದು ಅಟೆಂಡರು ಹೇಳಿದರು. ಹಾಗಾದರೆ ಹೊಸ ನೋಟೀಸು ಹಳೆಯದರ ಹಿಂದಕ್ಕೆ ಹೋದದ್ದು ಹೇಗೆ? ಅದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಂತೂ ವಿಷಯ ಗೊತ್ತಾಗುವಾಗ ಬೇರೊಬ್ಬ ಹುಡುಗ ಕೆಲಸಕ್ಕೆ ಸೇರಿಯಾಗಿತ್ತು. ಕಣ್ಣೂರಿನ ಕಡೆಯವನು, ಪಾಪ, ಒಳ್ಳೆಯವನು. ಕನ್ನಡದ ಒಂದಕ್ಷರ ಬಾರದು.

ಇಲ್ಲಿ ಡ್ಯೂಯಿ ದಶಮಾಂಶದ ವಿಷಯ ಸ್ವಲ್ಪ ಹೇಳಬೇಕು. ಲೈಬ್ರರಿಯಲ್ಲಿ ಪ್ರತಿ ಪುಸ್ತಕದ ಬೆನ್ನಿಗೆ ಒಂದು ನಂಬರು ಅಂಟಿಸುತ್ತಾರಲ್ಲ, ಆ ಲೆಕ್ಕದಲ್ಲಿ ಮಲಯಾಳ ಸಾಹಿತ್ಯ 894.812, ಕನ್ನಡ ಸಾಹಿತ್ಯ 894.814. ಅಮೆರಿಕದ ಯಾವನೋ ಪುಣ್ಯಾತ್ಮ ಮಾಡಿದ ಪದ್ಧತಿಯಲ್ಲೂ ನಾವಿಬ್ಬರು ಒಂದೇ ಕಪಾಟಿನ ನೆರೆಹೊರೆ. ನಡುವಿನ 813ರ ಒಂದು ಪುಸ್ತಕವೂ ನಮ್ಮಲ್ಲಿ ಇರಲಿಲ್ಲ. ಅದು ಎರಡು ರಾಜ್ಯಗಳ ಗಡಿಯ ತಲಪಾಡಿ ಚೆಕ್‌ಪೋಸ್ಟು ಇರಬೇಕು ಎಂದುಕೊಂಡೆ. ಆ ವರ್ಷ ಯಾರೋ ನಿವೃತ್ತ ಮೇಷ್ಟ್ರು ತಮ್ಮ ಕನ್ನಡ ಪುಸ್ತಕಗಳನ್ನೆಲ್ಲ ಗೋಣಿಯಲ್ಲಿ ತುಂಬಿ ಲೈಬ್ರರಿಗೆ ಕೊಟ್ಟಿದ್ದರು. ಹುಡುಗ ಒಂದು ಪುಸ್ತಕ ಎತ್ತುತ್ತಾನೆ, ತಲೆಕೆಳಗೆ ಹಿಡಿಯುತ್ತಾನೆ, ನನ್ನ ಕಡೆ ನೋಡುತ್ತಾನೆ. ನಾನು ಹೆಸರು ಓದುತ್ತೇನೆ, ಇದು ಕಾದಂಬರಿ, ಇದು ನಾಟಕ, ಇದು ಪಂಚಾಂಗ ಎನ್ನುತ್ತೇನೆ. ಅವನು ಬರೆದುಕೊಳ್ಳುತ್ತಾನೆ. ಗೋಣಿಗಳು ಖಾಲಿಯಾಗುವ ತನಕ ಇದೇ. ಗಂಟೆ ಲೆಕ್ಕದ ಸಂಬಳ ಅವನಿಗೆ, ಗೋಣಿಯ ಧೂಳಿನ ಸೀನು ನನಗೆ.

ಆಮೇಲೆ ಪರೀಕ್ಷೆ ಬರೆದುಕೊಡುವ ಕೆಲಸ ಇದೆ ಎಂದು ಗೆಳತಿ ಹೇಳಿದಳು. ಕಣ್ಣು ಕಾಣದ ವಿದ್ಯಾರ್ಥಿಗಳು ಹೇಳಿದ್ದನ್ನು ನಾವು ಬರೆಯುವುದು, ಅದಕ್ಕೆ ಗೌರವಧನವೂ ಉಂಟು. ನಮ್ಮ ಕ್ಲಾಸಿನಲ್ಲೇ ಒಬ್ಬನಿದ್ದ. ಅವನಿಗೂ ಸಂತೋಷ, ನನಗೂ ಸಂತೋಷ. ಪರೀಕ್ಷಾ ವಿಭಾಗಕ್ಕೆ ಮಾತ್ರ ಸಂತೋಷ ಆಗಲಿಲ್ಲ. 2018ರ ಕೇಂದ್ರದ ಮಾರ್ಗಸೂಚಿ ತೆಗೆದು ತೋರಿಸಿದರು. ಅಭ್ಯರ್ಥಿ ತಾನೇ ಕರೆತರುವ ಬರಹಗಾರರ ಓದು ಅಭ್ಯರ್ಥಿಯದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದು ಅದರಲ್ಲಿತ್ತು. ನಿಯಮ ಸರಿಯೇ, ಇಲ್ಲದಿದ್ದರೆ ಬರೆಯುವವರೇ ಉತ್ತರ ಹೇಳಿಬಿಟ್ಟಾರು. ಆದರೆ ನನ್ನ ಅಂಕಪಟ್ಟಿ ನೋಡಿದ ಯಾರಿಗೂ ಆ ಹೆದರಿಕೆ ಬರಲು ಕಾರಣ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಓದು ಜಾಸ್ತಿಯಾಯಿತು ಎಂದು ನನಗೆ ಕೆಲಸ ತಪ್ಪಿತು.

ಇನ್ನು ಟೈಪಿಂಗಿನ ಕಥೆ. ನವೆಂಬರ್ 1 ಬಂತೆಂದರೆ ನಮ್ಮಲ್ಲಿ ಡಬಲ್ ಸಂಭ್ರಮ. ಕೇರಳವೂ ಆ ದಿನವೇ ಹುಟ್ಟಿದ್ದು, ಕರ್ನಾಟಕವೂ ಆ ದಿನವೇ ಹುಟ್ಟಿದ್ದು. ಬೆಳಿಗ್ಗೆ ಕೇರಳಪಿರವಿ, ಮಧ್ಯಾಹ್ನ ರಾಜ್ಯೋತ್ಸವ, ನಡುವೆ ಒಂದೇ ಪಾಯಸ. ಆಮಂತ್ರಣ ಎರಡೂ ಭಾಷೆಯಲ್ಲಿ ಒಂದೇ ಹಾಳೆಯಲ್ಲಿ ಬರಬೇಕು. ಕನ್ನಡ ಪುಟಕ್ಕೆ ಇಷ್ಟು ಎಂದು ರೇಟು ಮಾತಾಡಿ ನನಗೆ ಕೊಟ್ಟರು. ನಾನು 'ನುಡಿ'ಯಲ್ಲಿ ಕುಟ್ಟಿ, ಒತ್ತಕ್ಷರ ಎಲ್ಲ ನೋಡಿ, ಪೆನ್‌ಡ್ರೈವಿನಲ್ಲಿ ಹಾಕಿ ಆಫೀಸಿಗೆ ಕೊಟ್ಟು ಊರಿಗೆ ಹೋದೆ. ಆಫೀಸಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ. ಫಾಂಟು ಇಲ್ಲದಿದ್ದರೆ ಹಳೆ ನುಡಿಯ ಅಕ್ಷರ ಹೇಗೆ ಕಾಣುತ್ತದೆ ಎಂದು ನೋಡಿದವರಿಗೆ ಗೊತ್ತು. ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಎರಡೆರಡು ಚುಕ್ಕಿ ಹೊತ್ತವು, ನಡುವೆ ಅಲ್ಲಲ್ಲಿ ಒಂದು ಪೌಂಡಿನ ಚಿಹ್ನೆ. ಅದನ್ನೇ ಪ್ರಿಂಟು ತೆಗೆದು ಎಲ್ಲ ವಿಭಾಗಕ್ಕೂ ಹಂಚಿದ್ದರು.

ಯಾರೂ ಏನೂ ಹೇಳಲಿಲ್ಲ! ಕನ್ನಡ ಬಾರದವರು ಅದನ್ನೇ ಕನ್ನಡ ಎಂದುಕೊಂಡರು. ಕನ್ನಡ ಬರುವವರು ಯಾವುದೋ ವಿದೇಶಿ ಅತಿಥಿ ಬರುತ್ತಾರೆ ಎಂದುಕೊಂಡರು. ಕಾರ್ಯಕ್ರಮ ಚೆನ್ನಾಗಿಯೇ ಆಯಿತು, ಹೇಗೂ ಪಾಯಸದ ವಾಸನೆಗೆ ಆಮಂತ್ರಣ ಬೇಡ. ಬಿಲ್ಲು ಕೊಡಲು ಹೋದಾಗ ಮಾತ್ರ ಲೆಕ್ಕದ ವಿಭಾಗದವರು ಕನ್ನಡಕ ಏರಿಸಿದರು. "ಮೋಳೇ, ಕನ್ನಡ ಪುಟಕ್ಕೆ ದುಡ್ಡು ಅಂತ ಬರೆದಿದೆ. ಈ ಹಾಳೆಯಲ್ಲಿ ಕನ್ನಡ ಎಲ್ಲುಂಟು? ಆಡಿಟಿನವರು ಕೇಳಿದರೆ ನಾನು ಎಂತ ತೋರಿಸಲಿ?" ಮಲಯಾಳದಲ್ಲಿ ಹೇಳಿದರೂ ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ನಾನು ಬಿಲ್ಲು ಮಡಚಿ ಬ್ಯಾಗಿಗೆ ಹಾಕಿದೆ.

ಕೊನೆಗೆ ಸಿಕ್ಕಿದ್ದು ಸರ್ವೆ ಕೆಲಸ. ಉತ್ತರ ಭಾರತದ ಕಡೆಯ ಒಬ್ಬ ಮೇಷ್ಟ್ರು, ಬೇರೆ ವಿಭಾಗದವರು, ಅಡಿಕೆ ಕೃಷಿಕರ ಮನೆವಾರ್ತೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಗಡಿ ಊರುಗಳಿಗೆ ಹೋಗಿ ಪ್ರಶ್ನೆ ಕೇಳಿ ಫಾರಂ ತುಂಬಿಸಬೇಕು. ಫಾರಮ್ಮಿಗೆ ಇಷ್ಟು ರೂಪಾಯಿ. "ಕೆಲಸ ನಾಳೆಯಿಂದಲೇ ಉಂಟು, ಸಂಬಳದ್ದು ಗ್ರ್ಯಾಂಟು ಬಂದ ಮೇಲೆ ನೋಡುವ" ಎಂದು ಅವರ ಸಹಾಯಕ ಹೇಳಿದ. ಅಷ್ಟು ಹೊತ್ತಿಗೆ ನಾನು ಯಾವ ಮಾತಿಗೂ ಒಪ್ಪುವ ಹದಕ್ಕೆ ಬಂದಿದ್ದೆ.

ಸರ್ವೆಗೆ ಶನಿವಾರವೇ ಹೋಗಬೇಕು. ಶನಿವಾರ ಕ್ಲಾಸಿಲ್ಲ. ಕ್ಲಾಸಿಲ್ಲದ ದಿನ ಕನ್ಸೆಶನ್ ಇಲ್ಲ ಎಂದು ಕಂಡಕ್ಟರು. ಕೇರಳದ ಪ್ರೈವೇಟ್ ಬಸ್ಸುಗಳಲ್ಲಿ ವಿದ್ಯಾರ್ಥಿಗಳು ಒಂದು ರೂಪಾಯಿಯ ಟಿಕೇಟಿಗಾಗಿ ಪಡುವ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಬಸ್ಸು ಸ್ಟಾರ್ಟ್ ಆಗುವ ತನಕ ಮೆಟ್ಟಿಲ ಕೆಳಗೆ ನಿಲ್ಲಬೇಕು, ಸೀಟು ಖಾಲಿ ಇದ್ದರೂ ಕೂರಬಾರದು. ಫುಲ್ ಟಿಕೇಟು ತೆಗೆದ ಆ ಶನಿವಾರ ಮಾತ್ರ ನಾನು ಮೊದಲೇ ಹತ್ತಿ, ಕಿಟಕಿ ಪಕ್ಕ ಕೂತು, ಕೆಳಗೆ ನಿಂತ ಟ್ಯೂಷನ್ ಮಕ್ಕಳನ್ನು ದೊಡ್ಡ ಮನುಷ್ಯಳ ಗತ್ತಿನಲ್ಲಿ ನೋಡಿದೆ. ಒಂದು ಫಾರಮ್ಮಿನ ದುಡ್ಡು ಅಲ್ಲಿಗೇ ಹೋಯಿತು.

ಉಪ್ಪಳದಿಂದ ಬಾಯಾರಿನ ಬಸ್ಸು ಹಿಡಿದು, ಇಳಿದು, ಗುಡ್ಡ ಹತ್ತಿ ಒಂದು ಮನೆಯ ಅಂಗಳಕ್ಕೆ ಬಂದೆ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದಾರೆ. ನಾಯಿ ಬೊಗಳಿತು. ಒಳಗಿನಿಂದ ಒಬ್ಬ ಅಜ್ಜಿ ಬಂದು "ಕುಲ್ಲು ಮಗಾ" ಎಂದು ಜಗುಲಿ ತೋರಿಸಿದರು. ಅಲ್ಲಿಂದ ಭಾಷೆಯ ಸರ್ಕಸ್ಸು ಶುರು. ಪ್ರಶ್ನೆ ಹುಟ್ಟಿದ್ದು ಇಂಗ್ಲಿಷಿನಲ್ಲಿ, ಅಚ್ಚಾದದ್ದು ಮಲಯಾಳದಲ್ಲಿ, ನನ್ನ ತಲೆಯಲ್ಲಿ ಅದು ಕನ್ನಡ ಆಗಬೇಕು, ಬಾಯಿಯಲ್ಲಿ ತುಳು ಆಗಬೇಕು. ಉತ್ತರ ಇದೇ ದಾರಿಯಲ್ಲಿ ವಾಪಸು ಹೋಗಬೇಕು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೇಳುವವರು ಒಮ್ಮೆ ಸರ್ವೆ ಮಾಡಿ ನೋಡಬೇಕು.

ನಾನು ಮೊದಲ ಪ್ರಶ್ನೆ ಕೇಳುವ ಮೊದಲೇ ಅಜ್ಜಿ ಕೇಳಿದರು, "ಇಲ್ಲ್ ಓಲು?" ಮನೆ ಎಲ್ಲಿ ಎಂದು. ಬದಿಯಡ್ಕ ಹತ್ತಿರ ಎಂದೆ. ಯಾರ ಮನೆ, ಅಪ್ಪನ ಹೆಸರೇನು, ತಾಯಿಯ ತವರು ಎಲ್ಲಿ, ಎಷ್ಟು ಜನ ಮಕ್ಕಳು, ತೋಟ ಎಷ್ಟು, ನೀನು ಎಂತ ಓದುತ್ತೀ, ಓದಿ ಎಂತ ಮಾಡುತ್ತೀ, ಮದುವೆ? ಒಂದೂ ಬಿಡಲಿಲ್ಲ. ಎಂತ ಕ್ರಮಬದ್ಧ ಸರ್ವೆ! ನನ್ನ ಕೈಯಲ್ಲಿದ್ದ ಫಾರಂ ಅವರ ಕೈಯಲ್ಲಿದ್ದಿದ್ದರೆ ಮೇಷ್ಟ್ರಿಗೆ ಅನುಕೂಲವಾಗುತ್ತಿತ್ತು. ನನ್ನ ಸರದಿ ಬಂದಾಗ ಕೇಳಿದೆ, "ವಾರ್ಷಿಕ ಆದಾಯ ಎಷ್ಟು ಅಜ್ಜಿ?" ಅಜ್ಜಿ ಹಪ್ಪಳದ ತಟ್ಟೆ ನನ್ನ ಕಡೆ ದೂಡಿ, "ಯಾವ ದಿನದ ರೇಟಿನಲ್ಲಿ ಹೇಳಲಿ? ಹಳೆ ಅಡಿಕೆಯದ್ದೋ ಹೊಸ ಅಡಿಕೆಯದ್ದೋ?" ಎಂದರು. ಫಾರಮ್ಮಿನಲ್ಲಿ ನಾಲ್ಕು ಚೌಕ ಇತ್ತು. ನಾಲ್ಕಕ್ಕೂ ಟಿಕ್ ಹಾಕಬಹುದು ಎಂದು ಕಂಡಿತು.

ನಂತರ ಬಂತು ನೀರಿನ ಪ್ರಶ್ನೆ. ನೀರಿನ ಮೂಲ ಯಾವುದು: ಬಾವಿ, ಬೋರ್‌ವೆಲ್, ನಳ್ಳಿ, ಹೊಳೆ ಅಥವಾ ಕೆರೆ, ಇತರೆ. ಅಜ್ಜಿ ಐದನ್ನೂ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. ಅವರದ್ದು ಸುರಂಗ.

ನಮ್ಮ ಕಡೆಯವರಿಗೆ ಸುರಂಗ ಗೊತ್ತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ತಲೆ ಬಗ್ಗಿಸಿ ಹೋಗುವಷ್ಟು ಎತ್ತರಕ್ಕೆ ಕೊರೆಯುತ್ತಾ ಹೋಗುವುದು. ಒಳಗೆ ಉಸಿರು ಕಟ್ಟುತ್ತದೋ ಎಂದು ತಿಳಿಯಲು ಮೋಂಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ, ಅದು ನಂದುವ ಸೂಚನೆ ಕಂಡರೆ ಹೊರಗೆ ಓಡಬೇಕು. ಕಲ್ಲಿನ ಸಂದಿನಿಂದ ಒಸರು ಸಿಕ್ಕಿದರೆ ಗೆದ್ದ ಹಾಗೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹೊರಗೆ ಹರಿದುಬರುತ್ತದೆ. ಕಾಸರಗೋಡಿನಲ್ಲೂ ಆಚೆ ದಕ್ಷಿಣ ಕನ್ನಡದ ಗಡಿಯಲ್ಲೂ ಎಷ್ಟೋ ತೋಟಗಳು ಬದುಕಿರುವುದು ಇದರಿಂದಲೇ. ಅಡಿಕೆ ಕೃಷಿಕರ ಬಗ್ಗೆ ಆರು ಪುಟದ ಪ್ರಶ್ನಾವಳಿ ಮಾಡಿದವರಿಗೆ ಇದರ ಸುಳಿವೇ ಇರಲಿಲ್ಲ. ನಾನು 'ಇತರೆ' ಎದುರಿನ ಅರ್ಧ ಇಂಚು ಗೆರೆಯಲ್ಲಿ ಬರೆಯಲು ಹೊರಟೆ. ಅಜ್ಜಿ ಬಿಡಲಿಲ್ಲ. "ನೋಡದೆ ಎಂತ ಬರೆಯುವುದು? ಬಾ."

ಮನೆ ಹಿಂದೆ ಗುಡ್ಡದ ಬುಡದಲ್ಲಿ ಬಾಯಿ. ಅಜ್ಜಿ ಸೆರಗು ಸಿಕ್ಕಿಸಿ ಮುಂದೆ, ಫೈಲು ಎದೆಗವಚಿ ನಾನು ಹಿಂದೆ. ಕಾಲಡಿ ತಣ್ಣನೆ ನೀರು. ಹತ್ತು ಹೆಜ್ಜೆ ಹೋಗಿರಬಹುದು, ಮೇಲಿನಿಂದ ಏನೋ ಹಾರಿತು. "ಬಾವಲಿ, ಎಂತ ಮಾಡುವುದಿಲ್ಲ" ಎಂದರು ಅಜ್ಜಿ. ಬಾವಲಿ ಎಂತ ಮಾಡಲಿಲ್ಲ ನಿಜ. ನಾನು ಕುಕ್ಕರಗಾಲಲ್ಲಿ ಕೂತುಬಿಟ್ಟೆ, ಅಷ್ಟೆ. ಫೈಲು ಕೈಜಾರಿತು. ಬೆಳಗಿನಿಂದ ಮನೆ ಮನೆ ತಿರುಗಿ ತುಂಬಿಸಿದ ಫಾರಮ್ಮುಗಳು ಒಂದೊಂದಾಗಿ, ಗಡಿಬಿಡಿ ಇಲ್ಲದೆ, ಸುರಂಗದ ಬಾಯಿಯ ಕಡೆ ತೇಲಿಕೊಂಡು ಹೋದವು. ಹೊರಗೆ ಬರುವಾಗ ಅವು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಇಳಿದು ಟಾಂಕಿ ಸೇರಿದ್ದವು. ಅಜ್ಜಿಯ ಮೊಮ್ಮಗ ಬಾಳೆಲೆ ಹಾಸಿ ಅವನ್ನು ಅಂಗಳದಲ್ಲಿ, ಅಡಿಕೆಯ ಪಕ್ಕದಲ್ಲೇ, ಸಾಲಾಗಿ ಒಣಗಲು ಹಾಕಿದ.

ಸೋಮವಾರ ಆ ಡುಬ್ಬು ಡುಬ್ಬಾದ ಕಾಗದಗಳನ್ನು ಮೇಷ್ಟ್ರ ಮೇಜಿನ ಮೇಲಿಟ್ಟೆ. ಬೈಯುತ್ತಾರೆ ಎಂದು ಕಾದೆ. ಅವರು 'ಇತರೆ' ಗೆರೆಯ ಮೇಲೆ ಬೆರಳಿಟ್ಟು, ಇದೇನು ಎಂದರು. ವಿವರಿಸಿದೆ. ಅವರ ಕಣ್ಣು ಅರಳಿತು. ಅಡಿಕೆಯವರ ಆದಾಯದ ಅಧ್ಯಯನ ಅಲ್ಲಿಗೇ ಬಿತ್ತು. ಆ ವಾರವೇ ಸುರಂಗದ ಮೇಲೆ ಒಂದು ದಿನದ ವಿಚಾರಸಂಕಿರಣ ನಿಗದಿಯಾಯಿತು. ಅಜ್ಜಿಯೇ ಸಂಪನ್ಮೂಲ ವ್ಯಕ್ತಿ. ಕರೆದುಕೊಂಡು ಬರುವ ಕೆಲಸ, ವೇದಿಕೆಯಲ್ಲಿ ತುಳುವನ್ನು ಇಂಗ್ಲಿಷು ಮಾಡುವ ಕೆಲಸ, ಮಧ್ಯಾಹ್ನ ಅವರಿಗೆ ಈರುಳ್ಳಿ ಹಾಕದ ಸಾಂಬಾರು ಹುಡುಕುವ ಕೆಲಸ ನನ್ನದು.

ಅಷ್ಟರೊಳಗೆ ನನ್ನ ಫಾರಮ್ಮಿನ ದುಡ್ಡು ಬ್ಯಾಂಕಿಗೆ ಹೋಗಿ ವಾಪಸು ಬಂದಿತ್ತು. ನನ್ನದು ಶಾಲೆಯ ಸ್ಕಾಲರ್‌ಶಿಪ್ಪಿಗಾಗಿ ತೆರೆದ ಖಾತೆ. ನಮ್ಮ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳು 2019, 2020ರಲ್ಲಿ ಒಂದಾದ ಮೇಲೊಂದು ದೊಡ್ಡ ಬ್ಯಾಂಕುಗಳ ಹೊಟ್ಟೆ ಸೇರಿದವಲ್ಲ, ಆಗ ಬ್ರಾಂಚಿನ ಕೋಡು ಬದಲಾಗಿತ್ತು. ಆಫೀಸಿನವರು ಹಳೆ ಕಡತದಲ್ಲಿದ್ದ ಕೋಡನ್ನೇ ಹಾಕಿದ್ದರು. ಸರಿಪಡಿಸಲು ಅರ್ಜಿ, ಅರ್ಜಿಗೆ ವಿಭಾಗದ ಮುಖ್ಯಸ್ಥರ ಸಹಿ, ಸಹಿಗೆ ಸೀಲು, ಸೀಲಿನ ಪ್ಯಾಡಿಗೆ ಮಸಿ ಇಲ್ಲ.

ಸಂಕಿರಣದ ದಿನ ಅಜ್ಜಿ ಐದೇ ನಿಮಿಷ ಮಾತಾಡಿದರು. ನಾನು ಇಂಗ್ಲಿಷಿನಲ್ಲಿ ಹೇಳಲು ಇಪ್ಪತ್ತು ನಿಮಿಷ ತೆಗೆದುಕೊಂಡೆ. ಚಪ್ಪಾಳೆ, ಶಾಲು, ಒಂದು ಕವರು. ಕೊಟ್ಟ ಕೂಡಲೇ ಅಜ್ಜಿ ವೇದಿಕೆಯಲ್ಲೇ ಕವರು ಬಿಡಿಸಿ, ಬೆರಳಿಗೆ ಎಂಜಲು ಮುಟ್ಟಿಸಿ ನೋಟು ಎಣಿಸಿದರು. ಲೆಕ್ಕದ ವಿಭಾಗದವರು ಎದ್ದು ಬಂದು ರಶೀದಿಗೆ ಸಹಿ ತೆಗೆದುಕೊಂಡರು. ಅಜ್ಜಿ ಕನ್ನಡದಲ್ಲಿ ಹಾಕಿದ ಸಹಿಯನ್ನು ಇದು ಕನ್ನಡವೇ ಹೌದೋ ಎಂದು ನನ್ನ ಹತ್ತಿರ ಕೇಳಿ ಖಚಿತ ಮಾಡಿಕೊಂಡರು.

ಕೆಳಗೆ ಇಳಿಯುತ್ತಾ ಅಜ್ಜಿ ನನ್ನ ಕಿವಿಯ ಹತ್ತಿರ ಬಂದು, "ನಿನಗೆಷ್ಟು ಕೊಟ್ಟರು?" ಎಂದರು. ಇನ್ನೂ ಬಂದಿಲ್ಲ ಎಂದೆ. ಅವರು ಮೇಷ್ಟ್ರ ಕಡೆ ಒಮ್ಮೆ ನೋಡಿದರು. ಕವರಿನಿಂದ ನೂರರ ಎರಡು ನೋಟು ಎಳೆದು ನನ್ನ ಕೈಗೆ ತುರುಕಿದರು. "ಅಷ್ಟು ಹೊತ್ತು ಮಾತಾಡಿದ್ದು ನೀನು, ಇಟ್ಟುಕೋ."

ಕ್ಯಾಂಪಸ್ಸಿನೊಳಗೆ ನಾನು ದುಡಿದ ಮೊದಲ ಸಂಬಳ ಅದು. ಗೇಟಿನ ಹತ್ತಿರ ಅಜ್ಜಿಯನ್ನು ತಂದ ಆಟೋದವನು ಬೆಳಗಿನಿಂದ ಕಾಯುತ್ತಿದ್ದ. ಸಂಘಟಕರು ಯಾರೂ ಕಾಣಲಿಲ್ಲ. ವೈಟಿಂಗ್ ಚಾರ್ಜು ಇನ್ನೂರ ಐವತ್ತು ಎಂದ.